ಚಾಪೆ ಹಾಸಿದ ಗಲ್ಲಿ

"ನೀವು ಜಾಸ್ತಿ ಬಾಯಿ ಬಿಡೋದೇ ಬೇಡ ಅಣ್ಣಾ. 'ಈ ಸಹಿ ನಿಮ್ಮದಾ' ಅಂತ ಕೇಳ್ತಾರೆ. 'ಹೌದು' ಅನ್ನಿ. ಎರಡೇ ಅಕ್ಷರ. ಎದ್ದು ಬಂದುಬಿಡೋಣ."

ಈ ಮಾತನ್ನು ತಮ್ಮ ಹೇಳುತ್ತಿರುವುದು ಬೆಳಗಿನಿಂದ ಇದು ನಾಲ್ಕನೇ ಸಲ. ಚಹಾ ಕುಡಿಯುವಾಗ ಒಮ್ಮೆ ಹೇಳಿದ, ಚಪ್ಪಲಿ ಮೆಟ್ಟುವಾಗ ಒಮ್ಮೆ, ನಗರಸಭೆಯ ಮೆಟ್ಟಿಲು ಹತ್ತುವಾಗ ಅಣ್ಣನ ತೋಳು ಹಿಡಿದುಕೊಂಡು ಒಮ್ಮೆ. ಈಗ ಎರಡನೇ ಮಹಡಿಯ ವರಾಂಡದ ಬೆಂಚಿನ ಮೇಲೆ ಕೂತು ಮತ್ತೆ ಅದೇ ರಾಗ. ಅಣ್ಣ ಮೇಷ್ಟ್ರದು ಮಾತ್ರ ಕೈಯಲ್ಲಿದ್ದ ಟೋಕನ್ ಚೀಟಿಯನ್ನು ಸಣ್ಣಗೆ ಸುರುಳಿ ಸುತ್ತುವುದು, ಮತ್ತೆ ಬಿಚ್ಚುವುದು, ಇದೇ ಕೆಲಸ. ಹದಿನೇಳನೇ ನಂಬರು.

ಈ ಟೋಕನ್ನನ್ನು ಮೇಷ್ಟ್ರು ಎಷ್ಟು ಗೇಲಿ ಮಾಡಿದ್ದರು ಅಂತೀರಿ! ಶಾಲೆಯಲ್ಲಿ ಇತಿಹಾಸ, ಪೌರನೀತಿ ಎರಡನ್ನೂ ಕಲಿಸಿ ನಿವೃತ್ತರಾದ ಮನುಷ್ಯ. ಶುಕ್ರವಾರ ಮಧ್ಯಾಹ್ನ ಮಸೀದಿಯಲ್ಲಿ ಪ್ರವಚನ ಹೇಳುವವರೂ ಅವರೇ, ಮಸೀದಿ ಕಮಿಟಿಯ ಅಧ್ಯಕ್ಷರೂ ಅವರೇ. ಹೋದ ತಿಂಗಳು ಸಾರ್ವಜನಿಕ ಗ್ರಂಥಾಲಯದಲ್ಲಿ 'ಮೊದಲ ನಾಲ್ವರು ಖಲೀಫರ ಆಡಳಿತ ಮತ್ತು ಇಂದಿನ ನಗರಸಭೆ' ಅಂತ ಒಂದು ಭಾಷಣ ಮಾಡಿ ಜನರನ್ನು ನಗಿಸಿ ನಗಿಸಿ ಸುಸ್ತು ಮಾಡಿದ್ದರು. "ಪೈಗಂಬರರ ನಂತರ ಆಳಿದ ಆ ಖಲೀಫರ ಬಾಗಿಲಿಗೆ ಕಾವಲುಗಾರ ಇರಲಿಲ್ಲ. ಯಾವನೋ ದಾರಿಹೋಕ ಎದ್ದು ನಿಂತು, ನಿನ್ನ ಅಂಗಿಗೆ ಇಷ್ಟು ಬಟ್ಟೆ ಎಲ್ಲಿಂದ ಬಂತು ಅಂತ ಕೇಳಬಹುದಿತ್ತು. ಇಲ್ಲಿ? ಜವಾನನ ಮುಖದರ್ಶನಕ್ಕೂ ಟೋಕನ್!" ಅಂದಿದ್ದರು. ಆ ಸಭೆಯಲ್ಲಿ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದ್ದವನು ಈ ತಮ್ಮನೇ.

ಈವತ್ತು ಅದೇ ತಮ್ಮ ಬಂದ ಕೂಡಲೇ ಅಣ್ಣನ ಹೆಸರಿನ ಕಾರ್ಡನ್ನು ಒಳಗೆ ಕಳಿಸಿದ್ದ. ಎರಡು ನಿಮಿಷಕ್ಕೆ ಜವಾನ ಅದನ್ನು ತಂದು ಮೇಷ್ಟ್ರ ಕೈಗೇ ಕೊಟ್ಟು, "ನಂಬರ್ ಪ್ರಕಾರ ಅಂತೆ ಸಾರ್," ಅಂದ. ತಮ್ಮನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಯಾಕೆಂದರೆ ಹದಿನಾರನೇ ನಂಬರು ಎದುರು ಬೆಂಚಿನ ಮೇಲೆ ಕೂತಿತ್ತು. ಈ ತಕರಾರಿನ ಎದುರುಪಾರ್ಟಿ, ಮಸೀದಿ ಪಕ್ಕದ ಬೇಕರಿಯಕ್ಕ. ಅವನಿಗಿಂತ ಹತ್ತು ನಿಮಿಷ ಮೊದಲು ಬಂದಿದ್ದಳು, ಹಾಗಾಗಿ ಮೊದಲು ಮಾತಾಡುವವಳೂ ಅವಳೇ.

ಅವಳು ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು, ಮಡಿಲಲ್ಲಿ ಒಂದು ಬಟ್ಟೆಚೀಲ ಇಟ್ಟುಕೊಂಡು ಕೂತಿದ್ದಳು. ಎಷ್ಟು ತೊಳೆದರೂ ಅವಳ ಉಗುರ ಸಂದಿಯ ಮೈದಾ ಹೋಗುವುದಿಲ್ಲ. ಮೇಷ್ಟ್ರು ಅತ್ತ ನೋಡಬಾರದು ನೋಡಬಾರದು ಅಂದುಕೊಂಡೇ ನೋಡಿದರು.

"ಮಂಡಿ ನೋವು ಹೇಗಿದೆ ಮೇಷ್ಟ್ರೇ?" ಅಂತ ಅವಳು ಕೇಳಿದಳು. "ಇಲ್ಲಿ ಲಿಫ್ಟು ಕೆಟ್ಟಿದೆ ಅಂದಾಗಲೇ ಅಂದುಕೊಂಡೆ, ನಿಮಗೆ ಕಷ್ಟ ಆಗುತ್ತೆ ಅಂತ."

"ಪರವಾಗಿಲ್ಲಮ್ಮ," ಅಂದರು ಮೇಷ್ಟ್ರು.

"ಅವಳ ಜೊತೆ ಈಗೇನು ಮಾತು?" ಅಂತ ತಮ್ಮ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ.

ತಮ್ಮ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಕಮಿಟಿಯ ಕಾರ್ಯದರ್ಶಿ, ಓಡಾಟವೆಲ್ಲ ಅವನದೇ. ಮೇಷ್ಟ್ರ ಹೆಂಡತಿ ತೀರಿಕೊಂಡ ಮೇಲೆ ಅವರನ್ನು ತನ್ನ ಮನೆಗೆ ಕರೆದುಕೊಂಡು ಬಂದು, ಕೆಳಗಿನ ಕೋಣೆಯನ್ನೇ ಬಿಟ್ಟುಕೊಟ್ಟು, ಬಚ್ಚಲಿಗೆ ಹಿಡಿಕೆ ಹಾಕಿಸಿದವನು. ಮಸೀದಿಯಲ್ಲಿ ನಮಾಜಿಗೆ ಮೊದಲು ಕೈಕಾಲು ತೊಳೆಯುವ ಜಾಗ ಇಕ್ಕಟ್ಟು, ಪಾಚಿ ಕಟ್ಟಿದ ನಾಲ್ಕು ಮೆಟ್ಟಿಲು. ಹೋದ ವರ್ಷ ವಯಸ್ಸಾದ ದರ್ಜಿಯೊಬ್ಬರು ಅಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನೂ ಇವನೇ. ಅವತ್ತಿನಿಂದ ಹಟ ಹಿಡಿದಿದ್ದ, ಮೆಟ್ಟಿಲಿಲ್ಲದ ಹೊಸ ಜಾಗ ಕಟ್ಟಿಸಲೇಬೇಕು ಅಂತ. ಜಾಗ ಎಲ್ಲಿ? ಮಸೀದಿಯ ಗೋಡೆಗೂ ಬೇಕರಿಯ ಗೋಡೆಗೂ ನಡುವೆ ಒಂದು ಗಲ್ಲಿ ಇದೆಯಲ್ಲ, ಅಲ್ಲಿ.

ಆ ಗಲ್ಲಿಯನ್ನು ಎರಡೂ ಕಡೆ ಕಟ್ಟಿ ಮುಚ್ಚಿದರೆ ಬೇಕರಿಯ ಕಥೆ ಮುಗಿಯಿತು. ಬನ್ನು ಬೇಯಿಸುವ ಭಟ್ಟಿಕೋಣೆಯ ಬಾಗಿಲು ಇರುವುದೇ ಗಲ್ಲಿಯ ಕಡೆಗೆ. ಸೌದೆ ಬರುವುದು ಅಲ್ಲಿಂದ, ಬೂದಿ ಹೋಗುವುದು ಅಲ್ಲಿಂದ. ಮುಂದಿನ ರಸ್ತೆಯ ಕಡೆ ಇರುವುದು ಅಂಗಡಿಯ ಎರಡಾಳು ಅಗಲದ ಕಟ್ಟೆ ಮಾತ್ರ. ಗಂಡ ಸತ್ತು ಒಂಬತ್ತು ವರ್ಷದಿಂದ ಒಬ್ಬಳೇ ಆ ಭಟ್ಟಿಯ ಮುಂದೆ ಬೆಂದು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು. ಅವಳ ತಕರಾರು ಅರ್ಜಿಯಲ್ಲಿ ಇದ್ದದ್ದು ಮೂರೇ ಸಾಲು, ಗಲ್ಲಿ ಎಲ್ಲರದು, ಮುಚ್ಚಬೇಡಿ, ನನಗೆ ಬೇರೆ ಬದುಕಿಲ್ಲ ಅಂತ.

ತಮ್ಮ ನಗರಸಭೆಯ ಹಳೇ ಕಪಾಟುಗಳನ್ನೆಲ್ಲ ಜಾಲಾಡಿಸಿ ಒಂದು ನಕ್ಷೆ ತೆಗೆಸಿದ್ದ. ಮೂವತ್ತೆರಡು ವರ್ಷದ ಹಿಂದಿನ ಸರ್ವೆ ನಕ್ಷೆ. ಅದರಲ್ಲಿ ಗಲ್ಲಿಗೆ ಹಸಿರು ಬಣ್ಣ ಬಳಿದು 'ಮಸೀದಿಗೆ ಸೇರಿದ ಪ್ರಾರ್ಥನಾ ಸ್ಥಳ' ಅಂತ ಬರೆದಿತ್ತು. ಕೆಳಗೆ ಸರ್ವೆಯವನ ಸಹಿ, ಪಕ್ಕದಲ್ಲಿ ಸ್ಥಳೀಯ ಸಾಕ್ಷಿಯ ಸಹಿ. ಅವತ್ತು ಮನೆಗೆ ಕುಣಿದುಕೊಂಡು ಬಂದಿದ್ದ. "ಅಣ್ಣಾ, ನೋಡಿ, ನಿಮ್ಮ ಸಹೀನೇ ಇದೆ! ದೇವರು ದೊಡ್ಡವನು!" ಅಂದಿದ್ದ. ಅವತ್ತಿನಿಂದ ಮೇಷ್ಟ್ರಿಗೆ ಊಟ ಸೇರಿಲ್ಲ.

ಯಾಕೆಂದರೆ ಆ ದಿನ ಅವರಿಗೆ ಚೆನ್ನಾಗಿ ನೆನಪಿದೆ. ಸರ್ವೆಯವನು ಬಂದದ್ದು ಒಂದು ಶುಕ್ರವಾರ, ಸರಿಯಾಗಿ ನಮಾಜಿನ ಹೊತ್ತಿಗೆ. ಮಸೀದಿ ಆಗಲೂ ಚಿಕ್ಕದು, ಶುಕ್ರವಾರದ ಜನ ಹಿಡಿಸದೆ ಗಲ್ಲಿಗೂ ಚಾಪೆ ಹಾಸುತ್ತಿದ್ದರು. ಹಾಸುತ್ತಿದ್ದವನು ಯಾರು? ಬೇಕರಿಯವನು, ಈ ಅಕ್ಕನ ಗಂಡ. ಅವನ ದೇವರು ಬೇರೆ, ದೇವಸ್ಥಾನ ಬೇರೆ. ಆದರೂ ಪ್ರತಿ ಶುಕ್ರವಾರ ಗಲ್ಲಿ ಗುಡಿಸಿ, ಚಾಪೆ ಹಾಸಿ, ಹೊಗೆ ಬರಬಾರದು ಅಂತ ಭಟ್ಟಿಕೋಣೆಯ ಕಬ್ಬಿಣದ ಬಾಗಿಲು ಮುಚ್ಚಿ, ಒಳಗೆ ಆ ಕಾವಿನಲ್ಲಿ ಅರ್ಧ ಗಂಟೆ ಕೂತಿರುತ್ತಿದ್ದ. "ನಾಲ್ಕು ಜನ ದೇವರ ಹೆಸರು ಹೇಳ್ತಾರೆ, ನನ್ನ ಬನ್ನು ಸ್ವಲ್ಪ ತಡವಾಗಿ ಉಬ್ಬಿದ್ರೆ ಏನು ಗಂಟು ಹೋಗುತ್ತೆ?" ಅನ್ನುತ್ತಿದ್ದ.

ಸರ್ವೆಯವನು ಕಂಡದ್ದು ಚಾಪೆ ಹಾಸಿದ ಗಲ್ಲಿ, ಸಾಲಾಗಿ ಬಾಗಿದ ಜನ. ನಮಾಜು ಮುಗಿದ ಮೇಲೆ, ಓದು ಬಲ್ಲವರು ಯಾರು ಅಂತ ಕೇಳಿದಾಗ ಎಲ್ಲರೂ ಮೇಷ್ಟ್ರನ್ನು ಮುಂದಕ್ಕೆ ತಳ್ಳಿದರು. ಆಗ ಮೂವತ್ತಾರರ ಪ್ರಾಯ, ಟೇಪಿನ ಒಂದು ತುದಿ ಹಿಡಿದುಕೊಂಡು ಜಂಬದಲ್ಲಿ ನಿಂತಿದ್ದರು. "ಈ ಜಾಗ ಯಾತಕ್ಕೆ ಬಳಕೆ?" ಅಂದ ಅವನು. "ನಮಾಜಿಗೆ," ಅಂದರು ಇವರು. ಅವನು ಬರೆದುಕೊಂಡ. ಅವನು ಬರೆದದ್ದನ್ನು ಮೇಷ್ಟ್ರು ಓದಿದರು, ಅದೂ ನೆನಪಿದೆ. ಇದು ಸರಿಯಲ್ಲವಲ್ಲ ಅಂತ ಒಂದು ಕ್ಷಣ ಅನ್ನಿಸಿತ್ತು. ಆಮೇಲೆ, ಅಯ್ಯೋ, ಕಾಗದದಲ್ಲಿ ಏನಿದ್ದರೇನು, ನಮ್ಮ ನಮ್ಮ ನಡುವೆ ಮಾತಿದೆಯಲ್ಲ, ಮೊದಲಿನ ಕಾಲದಲ್ಲಿ ಮಾತಿನ ಮೇಲೇ ರಾಜ್ಯ ನಡೆಯಲಿಲ್ಲವೇ ಅಂದುಕೊಂಡು ಸಹಿ ಎಳೆದುಬಿಟ್ಟರು. ಆಗಿನ್ನೂ ಮುಚ್ಚಿದ್ದ ಭಟ್ಟಿಕೋಣೆಯ ಬಾಗಿಲ ಹಿಂದೆ ಬೇಕರಿಯವನು ಬೆವರು ಸುರಿಸುತ್ತಾ ಕೂತಿದ್ದ.

"ಹದಿನಾರು, ಹದಿನೇಳು!" ಅಂತ ಜವಾನ ಕೂಗಿದ.

ಒಳಗಿನ ಕೋಣೆ ಅಷ್ಟೇನೂ ದೊಡ್ಡದಲ್ಲ. ಒಂದು ಮೇಜು, ಅದರ ಮೇಲೆ ಕಡತಗಳ ಗೋಪುರ, ಒಂದು ಚಿಕ್ಕ ಗಡಿಯಾರ. ಮೇಜಿನ ಹಿಂದೆ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಮೇಷ್ಟ್ರನ್ನು ಕಂಡದ್ದೇ ಅರೆಕ್ಷಣ ಎದ್ದು ನಿಂತು, ಮತ್ತೆ ಏನೋ ನೆನಪಾದಂತೆ ಕೂತಳು.

"ಮೊದಲೇ ಒಂದು ವಿಷಯ ದಾಖಲು ಮಾಡ್ತೀನಿ," ಅಂದಳು ಅಧಿಕಾರಿ. "ಮಸೀದಿ ಕಮಿಟಿ ಅಧ್ಯಕ್ಷರು ನನಗೆ ಮೂರು ವರ್ಷ ಪಾಠ ಮಾಡಿದ ಗುರುಗಳು. ನಾನು ಈ ವಿಚಾರಣೆ ನಡೆಸೋದಕ್ಕೆ ಯಾರಿಗಾದ್ರೂ ಆಕ್ಷೇಪ ಇದ್ರೆ ಈಗಲೇ ಹೇಳಿ. ಬೇರೆಯವರಿಗೆ ವರ್ಗಾಯಿಸ್ತೀನಿ."

ತಮ್ಮನ ಮುಖ ಅರಳಿತು. ಬೇಕರಿಯಕ್ಕ ನಕ್ಕುಬಿಟ್ಟಳು. "ನನ್ನ ಎರಡು ಮಕ್ಕಳೂ ಇವರ ಹತ್ರಾನೇ ಕಿವಿ ಹಿಂಡಿಸಿಕೊಂಡು ಕಲಿತದ್ದು ತಾಯಿ. ಈ ಊರಲ್ಲಿ ಇವರ ಹತ್ರ ಓದದೇ ಇರೋರು ಬೇಕು ಅಂದ್ರೆ ಹೊರಗಿನಿಂದಲೇ ತರಿಸಬೇಕು. ನೀವೇ ನಡೆಸಿ."

ಆಮೇಲೆ ಅಧಿಕಾರಿ ಗಡಿಯಾರವನ್ನು ಅವರ ಕಡೆ ತಿರುಗಿಸಿಟ್ಟು, ಎರಡೂ ಕಡೆಯವರಿಗೆ ಹತ್ತು ಹತ್ತು ನಿಮಿಷ ಅಂದಳು. ಮೇಷ್ಟ್ರಿಗೆ ಏನೋ ಚುಚ್ಚಿದಂತಾಯಿತು. ಭಾಷಣದಲ್ಲಿ, ಇಬ್ಬರಿಗೂ ಒಂದೇ ಅಳತೆ ಕೊಡುವ ಈ ಗಡಿಯಾರದ ಸುದ್ದಿ ಅವರು ಎತ್ತಿರಲಿಲ್ಲ. ಎತ್ತಿದ್ದರೆ ಯಾರೂ ನಗುತ್ತಿರಲಿಲ್ಲ ಅನ್ನಿಸಿತು.

ಬೇಕರಿಯಕ್ಕನ ಹತ್ತು ನಿಮಿಷ ನಾಲ್ಕಕ್ಕೇ ಮುಗಿಯಿತು. ಸೌದೆ, ಬೂದಿ, ಗಂಡ, ಚಾಪೆ. "ಕಾಗದ ಏನಾದ್ರೂ ಇದೆಯಾ?" ಅಂತ ಅಧಿಕಾರಿ ಕೇಳಿದರೆ, "ಗಲ್ಲಿಗೆ ಯಾರು ತಾಯಿ ಕಾಗದ ಮಾಡಿಸ್ತಾರೆ? ಅದು ನಡೆಯೋ ದಾರಿ," ಅಂದಳು. ಚೀಲದಿಂದ ಗಂಡನ ಫೋಟೋ ಒಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಗಲ್ಲಿಯಲ್ಲಿ ಪೊರಕೆ ಹಿಡಿದು ನಿಂತ ಫೋಟೋ. ಅದು ಯಾವ ಪುರಾವೆಯೂ ಅಲ್ಲ ಅಂತ ಅವಳಿಗೂ ಗೊತ್ತಿತ್ತೇನೋ, ತಾನೇ ವಾಪಸ್ ತೆಗೆದಿಟ್ಟುಕೊಂಡಳು.

ತಮ್ಮ ಚೆನ್ನಾಗಿ ಮಾತಾಡಿದ. ದರ್ಜಿಯ ಸೊಂಟದ ಸುದ್ದಿ ಹೇಳುವಾಗ ನಿಜವಾಗಿಯೂ ಅವನ ದನಿ ಒಡೆಯಿತು. ಕೊನೆಗೆ ನಕ್ಷೆಯನ್ನು ಬಿಡಿಸಿ ಮೇಜಿನ ತುಂಬ ಹರಡಿದ. ಹಸಿರು ಬಣ್ಣ ಮಾಸಿದ್ದರೂ ಸಹಿ ಮಾತ್ರ ನಿನ್ನೆ ಮೊನ್ನೆ ಹಾಕಿದಂತೆ ಇತ್ತು. ಆಗಿನ ಕಾಲದಲ್ಲಿ ಮೇಷ್ಟ್ರು ಸಹಿಯ ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು.

"ಸರ್," ಅಂದಳು ಅಧಿಕಾರಿ. "ಈ ಸಹಿ ನಿಮ್ಮದಾ?"

ಮೇಷ್ಟ್ರು ಕುರ್ಚಿಯ ಕೈ ಹಿಡಿದು ಎದ್ದರು. ಮಂಡಿ ಕಟಕ್ಕೆಂದಿತು. ತಮ್ಮ ನೆಲ ನೋಡುತ್ತಾ ಕೂತಿದ್ದ, ಒಂದು ಕಾಲು ಮಾತ್ರ ಸುಮ್ಮನೆ ಅಲ್ಲಾಡುತ್ತಿತ್ತು.

"ಹೌದು," ಅಂದರು ಮೇಷ್ಟ್ರು.

ಅಧಿಕಾರಿ ಬರೆದುಕೊಂಡಳು. ತಮ್ಮನ ಕಾಲು ನಿಂತಿತು, ಉಸಿರು ಬಿಟ್ಟದ್ದೂ ಕೇಳಿಸಿತು. ಅಷ್ಟೇ. ಎರಡೇ ಅಕ್ಷರ, ಸುಳ್ಳೂ ಅಲ್ಲ. ಮೇಷ್ಟ್ರು ಕೂರಲು ಹೊರಟರು.

"ಒಂದು ನಿಮಿಷ ಸರ್. ಅಮ್ಮಾ, ಇವರು ಸಾಕ್ಷಿ. ಇವರನ್ನ ಏನಾದ್ರೂ ಕೇಳೋದಿದ್ರೆ ನೀವು ಕೇಳಬಹುದು. ಅದು ನಿಮ್ಮ ಹಕ್ಕು."

ಬೇಕರಿಯಕ್ಕ ಎದ್ದಳು. ಸೆರಗು ಸರಿ ಮಾಡಿಕೊಂಡಳು. ಸಹಿಯ ಬಗ್ಗೆ, ನಕ್ಷೆಯ ಬಗ್ಗೆ ಕೇಳುತ್ತಾಳೆ ಅಂತ ಮೇಷ್ಟ್ರು ಹಲ್ಲು ಬಿಗಿಹಿಡಿದು ನಿಂತರು. ಕೇಳಿದರೆ ಏನು ಹೇಳುವುದು ಅಂತ ಮೂರು ವಾರದಿಂದ ಯೋಚಿಸಿಟ್ಟಿದ್ದರು. ವಯಸ್ಸಾಯಿತು, ಅಷ್ಟು ನೆನಪಿಲ್ಲ ಅನ್ನುವುದು.

"ಮೇಷ್ಟ್ರೇ, ನೀವು ಶುಕ್ರವಾರ ಆ ಮುದುಕಿ ಕಥೆ ಹೇಳ್ತೀರಲ್ಲ," ಅಂದಳು ಅವಳು. "ಭಟ್ಟಿ ಬಾಗಿಲು ಮುಚ್ಚಿಕೊಂಡು ಒಳಗೆ ಕೂತಿರ್ತೀನಲ್ಲ, ನನಗೆಲ್ಲಾ ಕೇಳಿಸುತ್ತೆ. ಅದೇ, ದೂರದ ನಾಡಿನ ಮುದುಕಿ."

ಆ ಕಥೆ ಯಾರಿಗೆ ಗೊತ್ತಿಲ್ಲ? ಮೇಷ್ಟ್ರು ವರ್ಷಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು. ಎರಡನೇ ಖಲೀಫರ ಕಾಲದಲ್ಲಿ ದೂರದ ಪ್ರಾಂತದ ಅಧಿಕಾರಿಯೊಬ್ಬ ಮಸೀದಿ ದೊಡ್ಡದು ಮಾಡಲು ಬೇರೆ ಧರ್ಮದ ಮುದುಕಿಯ ಮನೆಯನ್ನು ಸೇರಿಸಿಕೊಂಡ ಅಂತ ಹೇಳುತ್ತಾರೆ. ಮುದುಕಿ ಅಷ್ಟು ದೂರ ಹೋಗಿ ಖಲೀಫರ ಮುಂದೆ ನಿಂತು ದೂರಿದಳಂತೆ. ಮಸೀದಿಯ ಹೊಸ ಭಾಗ ಕೆಡವಿ, ಅವಳ ಮನೆ ಇದ್ದಂತೆಯೇ ಕಟ್ಟಿಸಿಕೊಡು ಅಂತ ಅಪ್ಪಣೆಯಾಯಿತಂತೆ. ಈ ಜಾಗಕ್ಕೆ ಬಂದಾಗ ಮೇಷ್ಟ್ರ ದನಿ ಏರುತ್ತಿತ್ತು, ಮುಂದಿನ ಸಾಲಿನವರ ಕಣ್ಣು ಒದ್ದೆಯಾಗುತ್ತಿತ್ತು.

"ಅವಳ ಮನೆ ವಾಪಸ್ ಕೊಟ್ಟರು. ಸರಿ. ಆಮೇಲೆ?" ಅಂದಳು ಬೇಕರಿಯಕ್ಕ. "ಆಮೇಲೆ ಆಕೆ ಅದೇ ಮಸೀದಿ ಪಕ್ಕದಲ್ಲೇ ಬದುಕಿದಳಾ? ಮನೆ ಮುಂದೆ ಹೋಗೋ ಬರೋ ಜನ ಆಕೆಯನ್ನ ಮಾತಾಡಿಸ್ತಿದ್ರಾ?"

"ಇದೇನು ಮೇಡಂ!" ಅಂತ ತಮ್ಮ ಎದ್ದೇಬಿಟ್ಟ. "ಇದಕ್ಕೂ ಗಲ್ಲಿಗೂ ಏನು ಸಂಬಂಧ?"

"ಸಂಬಂಧ ಇಲ್ಲಮ್ಮ," ಅಂದಳು ಅಧಿಕಾರಿ, ಮೆತ್ತಗೆ.

"ಇಲ್ಲದಿದ್ರೆ ಬಿಡಿ ತಾಯಿ. ಸೋತ್ರೂ ಗೆದ್ರೂ ನಾನು ಅಲ್ಲೇ ಇರಬೇಕಲ್ಲ. ಮೇಷ್ಟ್ರು ಬಲ್ಲವರು, ಅದಕ್ಕೆ ಕೇಳಿದೆ." ಅವಳು ಕೂತಳು.

ಮೇಷ್ಟ್ರು ಮಾತ್ರ ನಿಂತೇ ಇದ್ದರು. ಮೂವತ್ತು ವರ್ಷದಿಂದ ಆ ಮುದುಕಿಯನ್ನು ಊರಿಂದ ಕರೆದುಕೊಂಡು ಹೋಗಿ ಖಲೀಫರ ಮುಂದೆ ನಿಲ್ಲಿಸಿ, ಮನೆ ಕಟ್ಟಿಸಿಕೊಟ್ಟು, ಅಲ್ಲಿಗೆ ಬಿಟ್ಟುಬಿಡುತ್ತಿದ್ದರು. ಮರುದಿನ ಬೆಳಿಗ್ಗೆ ಆಕೆ ನೀರು ತರಲು ಹೋದಾಗ ಯಾರು ಎದುರಾದರು, ಯಾರು ಮುಖ ತಿರುಗಿಸಿದರು, ಒಂದು ದಿನವೂ ಯೋಚಿಸಿರಲಿಲ್ಲ. ಅರವತ್ತೆಂಟು ವರ್ಷದ ಮನುಷ್ಯ, ಪಾಠ ಬಾರದ ಮೂರನೇ ತರಗತಿಯ ಹುಡುಗನ ಹಾಗೆ ನಿಂತಿದ್ದರು.

"ಗೊತ್ತಿಲ್ಲಮ್ಮ," ಅಂದರು. "ನಾನು ಓದಿದ್ದರಲ್ಲಿ ಅದನ್ನ ಯಾರೂ ಬರೆದಿಲ್ಲ. ನಾನೂ ಹುಡುಕಲಿಲ್ಲ."

"ಹೋಗಲಿ ಬಿಡಿ ಮೇಷ್ಟ್ರೇ."

"ಬಿಡೋದಲ್ಲ." ಅವರು ಅಧಿಕಾರಿಯ ಕಡೆ ತಿರುಗಿದರು. "ಸಹಿ ನನ್ನದೇ. ಆದರೆ ಸಹಿಯ ಮೇಲೆ ಬರೆದಿರೋದು ತಪ್ಪು."

"ಅಣ್ಣಾ!" ಅಂದ ತಮ್ಮ. ಹೊಡೆತ ಬಿದ್ದವನ ದನಿ ಅದು.

ಮೇಷ್ಟ್ರು ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಮುಂದಿನ ಮಾತು ಬರುತ್ತಿರಲಿಲ್ಲ. ಆ ಶುಕ್ರವಾರ, ಚಾಪೆ, ಟೇಪು, ಸರ್ವೆಯವನ ಪ್ರಶ್ನೆ, ತಾವು ಕೊಟ್ಟ ಉತ್ತರ, ಓದಿಯೂ ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿದರು. ಗಲ್ಲಿ ಯಾವತ್ತೂ ಮಸೀದಿಯದಾಗಿರಲಿಲ್ಲ, ವಾರಕ್ಕೆ ಅರ್ಧ ಗಂಟೆ ನಾವು ಕೂತೆವು, ಅವನು ಕೂರಿಸಿಕೊಂಡ ಅಂದರು. ಹೇಳುವಾಗ ಒಂದೆರಡು ಕಡೆ ತಡವರಿಸಿದರು. ಪ್ರವಚನದ ಆ ಗತ್ತಿನ ಸುಳಿವೇ ಇರಲಿಲ್ಲ.

ಅಧಿಕಾರಿ ಪೆನ್ನು ಕೆಳಗಿಟ್ಟು ನಕ್ಷೆಯನ್ನು ಮಡಿಸಿಟ್ಟಳು. ಆಮೇಲೆ ಡ್ರಾಯರಿನಿಂದ ಎರಡು ಬಿಳಿ ಹಾಳೆ ತೆಗೆದಳು.

"ಇದನ್ನೆಲ್ಲಾ ನಿಮ್ಮ ಕೈಯಾರೆ ಬರೆದು ಕೊಡಬೇಕು ಸರ್. ತಪ್ಪು ಮಾಹಿತಿ ಕೊಟ್ಟೆ ಅಂತ ಸ್ಪಷ್ಟವಾಗಿ ಬರೀಬೇಕು. ನಾನು ಗಟ್ಟಿಯಾಗಿ ಓದ್ತೀನಿ, ಎರಡೂ ಕಡೆಯವರು ಕೇಳಿಸಿಕೊಂಡು ಸಹಿ ಹಾಕ್ತಾರೆ. ಆಮೇಲೆ ಮರುಸರ್ವೆಗೆ ಬರೀತೀನಿ. ಅಲ್ಲೀವರೆಗೆ ಗಲ್ಲಿಯನ್ನ ಯಾರೂ ಮುಟ್ಟೋ ಹಾಗಿಲ್ಲ."

"ಇಷ್ಟೆಲ್ಲಾ ಬೇಕಾ?" ಅಂದರು ಮೇಷ್ಟ್ರು, ದಣಿದು. "ನಾನೇ ನಿಂತು ಹೇಳ್ತಿದ್ದೀನಲ್ಲಮ್ಮ. ಆ ಕಾಲದಲ್ಲಿ ಒಂದು ಮಾತು ಸಾಕಾಗ್ತಿತ್ತು."

"ನೀವು ಇವತ್ತು ಬಂದು ಹೇಳಿದ್ರಿ ಸರ್," ಅಂದಳು ಅವಳು. "ನಾಳೆ ನೀವೂ ಇರಲ್ಲ, ನಾನೂ ಈ ಕುರ್ಚೀಲಿ ಇರಲ್ಲ. ಆಗ ಈ ಅಮ್ಮನ ಮಕ್ಕಳು ಯಾರ ಬಾಗಿಲಿಗೆ ಹೋಗಬೇಕು?"

ಮೇಷ್ಟ್ರು ಪೆನ್ನು ತೆಗೆದುಕೊಂಡರು. ಒಂದೂವರೆ ಪುಟ ಬರೆಯಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ಸಹಿ ಹಾಕಿದರು, ಕೆಳಗೆ ಗೆರೆ ಎಳೆಯಲಿಲ್ಲ.

ಹೊರಗೆ ಬಂದಾಗ ತಮ್ಮ ಆಗಲೇ ಮೆಟ್ಟಿಲು ಇಳಿದುಹೋಗಿದ್ದ. ಮೇಷ್ಟ್ರು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು.

ಮನೆಯಲ್ಲಿ ಎರಡು ದಿನ ತಮ್ಮನ ಹೆಂಡತಿ ಹೊತ್ತು ಹೊತ್ತಿಗೆ ತಟ್ಟೆ ತಂದಿಟ್ಟು, "ಊಟ ಭಾವ," ಅಂದು ಹೋಗುತ್ತಿದ್ದಳು, ಅಷ್ಟೇ. ಮೂರನೇ ದಿನ ಮಧ್ಯಾಹ್ನ ತಮ್ಮನೇ ಬಂದು ಬಾಗಿಲಲ್ಲಿ ನಿಂತ. ಕಣ್ಣು ಕೆಂಪಗಿತ್ತು.

"ಮೂವತ್ತೆರಡು ವರ್ಷ ಸುಮ್ಮನಿದ್ದವರಿಗೆ ಅವತ್ತೇ ಖಲೀಫ ಆಗಬೇಕಾಗಿತ್ತಾ? ನನಗೊಂದು ಮಾತು ಮೊದಲೇ ಹೇಳಬಾರದಿತ್ತಾ? ಎಲ್ಲರ ಮುಂದೆ ನನ್ನ ಮಾನ ಕಳೆದ್ರಿ. ಆ ದರ್ಜಿ ಮನೇಲಿ ಮಲಗಿದಾರೆ, ಅವರಿಗೆ ಏನು ಹೇಳಲಿ ನಾನು?"

"ನಾನು ಖಲೀಫ ಅಲ್ಲಪ್ಪ," ಅಂದರು ಮೇಷ್ಟ್ರು. "ಮುದುಕಿ ಮನೆ ಸೇರಿಸಿಕೊಂಡ ಅಧಿಕಾರಿ ಇದ್ದನಲ್ಲ, ಅವನು ನಾನು. ನಿನಗೆ ಮೊದಲೇ ಹೇಳಬೇಕಿತ್ತು. ಹೆದರಿದೆ. ಅದು ತಪ್ಪೇ."

ಕೈಯಲ್ಲಿದ್ದ ಕಾಗದವನ್ನು ತಮ್ಮ ಮಂಚದ ಮೇಲಿಟ್ಟು ಹೋದ. ಕಮಿಟಿಯ ಕಾಗದ. ಮಾನ್ಯ ಅಧ್ಯಕ್ಷರು ಆರೋಗ್ಯದ ದೃಷ್ಟಿಯಿಂದ ವಿಶ್ರಾಂತಿ ಪಡೆಯುವುದು, ಶುಕ್ರವಾರದ ಪ್ರವಚನವನ್ನು ಬೇರೆಯವರು ನಡೆಸುವರು, ವಿವಾದ ಮುಗಿಯುವವರೆಗೆ ಗಲ್ಲಿಯಲ್ಲಿ ಯಾರೂ ನಮಾಜಿಗೆ ನಿಲ್ಲಬಾರದು. ಬಹಳ ಮರ್ಯಾದೆಯಿಂದ ಬರೆದಿದ್ದರು. ಕೆಳಗೆ ಕಾರ್ಯದರ್ಶಿಯ ಸಹಿ.

ಶುಕ್ರವಾರ ಮೇಷ್ಟ್ರು ಸ್ವಲ್ಪ ಮೊದಲೇ ಹೊರಟರು. ಬೇಕರಿಯ ಮುಂದೆ ಹಾಯುವಾಗ ಕಣ್ಣು ತಾನಾಗಿಯೇ ಗಾಜಿನ ಪೆಟ್ಟಿಗೆಯ ಕಡೆ ಹೋಯಿತು. ದಿನವೂ ಹತ್ತು ಗಂಟೆಗೆಲ್ಲ ಖಾಲಿಯಾಗುವ ಬನ್ನು ಮೂರು ತಟ್ಟೆ ಹಾಗೇ ಉಳಿದಿತ್ತು. ಕಟ್ಟೆಯ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಮುದುಕಿಯ ಕಥೆಯ ಉಳಿದರ್ಧ ಇಲ್ಲಿದೆ ಅನ್ನಿಸಿತು.

ಮಸೀದಿ ತುಂಬಿ ತುಳುಕುತ್ತಿತ್ತು. ಗಲ್ಲಿ ಬೇಡ ಅಂದದ್ದರಿಂದ ಜನ ಮೆಟ್ಟಿಲ ಮೇಲೂ ಕೂತಿದ್ದರು. ಪ್ರವಚನದ ಪೀಠ ಮಿಂಬರಿನ ಮೇಲೆ ಹೊಸಬ, ಎಳೆ ದನಿ, ಬರೆದು ತಂದದ್ದನ್ನು ಓದುತ್ತಿದ್ದ. ಮೇಷ್ಟ್ರು ಬಾಗಿಲಲ್ಲಿ ನಿಂತು ಕಣ್ಣಾಡಿಸಿದರು. ಹೋದ ವಾರದವರೆಗೆ ಅವರನ್ನು ಕಂಡರೆ ಸಾಲು ಸಾಲೇ ಎದ್ದು ದಾರಿ ಬಿಡುತ್ತಿತ್ತು. ಈವತ್ತು ಯಾರೂ ಬೈಯಲಿಲ್ಲ, ಯಾರೂ ಗುರಾಯಿಸಲಿಲ್ಲ. ಎಲ್ಲರೂ ನೆಲ ನೋಡಿದರು, ಹೆಗಲಿಗೆ ಹೆಗಲು ಒತ್ತಿಕೊಂಡೇ ಕೂತರು. ಮುಂದಿನ ಸಾಲಿನಲ್ಲಿ ತಮ್ಮನ ಬೆನ್ನು ಕಂಡಿತು. ಅವನ ಪಕ್ಕದಲ್ಲಿ ಒಬ್ಬ ಆಳು ಕೂರುವಷ್ಟು ಜಾಗ ಇತ್ತೋ ಇಲ್ಲವೋ, ಬಾಗಿಲಿನಿಂದ ಸರಿಯಾಗಿ ಕಾಣಿಸಲಿಲ್ಲ.

ಅವರು ಪಕ್ಕದ ಬಾಗಿಲಿನಿಂದ ಗಲ್ಲಿಗೆ ಇಳಿದರು.

ಗಲ್ಲಿ ಗುಡಿಸಿ ಚೊಕ್ಕಟವಾಗಿತ್ತು. ನೀರು ಚಿಮುಕಿಸಿದ ಮಣ್ಣು ಇನ್ನೂ ಒದ್ದೆ. ನಡುವೆ ಒಂದು ಚಾಪೆ, ಒಂದೇ ಒಂದು, ಅಂಚು ಸವೆದ ಹಳೇ ಚಾಪೆ. ಬೇಕರಿಯಕ್ಕ ಭಟ್ಟಿಯ ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದಳು. ಯಾರೂ ಬರುವುದಿಲ್ಲ ಅಂತ ಅವಳಿಗೂ ಗೊತ್ತಿದ್ದಿರಬೇಕು. ಆದರೂ ಶುಕ್ರವಾರ ಶುಕ್ರವಾರವೇ.

"ಇಲ್ಲಿ ನಿಲ್ಲಬಾರದು ಅಂದಿದಾರಂತಲ್ಲ," ಅಂದಳು.

"ನಿನ್ನ ಅಭ್ಯಂತರ ಇದೆಯಾ?"

"ನನ್ನದೇನು ಮೇಷ್ಟ್ರೇ."

ಅವರು ಚಪ್ಪಲಿ ಬಿಟ್ಟು ಚಾಪೆಯ ಮೇಲೆ ನಿಂತರು. ಪಕ್ಕದ ಗೋಡೆ ಭಟ್ಟಿಯ ಕಾವಿಗೆ ಬೆಚ್ಚಗಿತ್ತು. ನಮಾಜಿನ ಸಾಲು ಅಂದರೆ ಕನಿಷ್ಠ ಇಬ್ಬರು ಬೇಕು, ಎಲ್ಲರ ಹಿಂದೆ ಒಬ್ಬನೇ ನಿಲ್ಲುವುದು ಸರಿಯಲ್ಲ ಅಂತ ಎಷ್ಟೋ ಸಲ ಅವರೇ ಎಲ್ಲರಿಗೂ ಹೇಳಿಕೊಟ್ಟಿದ್ದರು. ಒಳಗೆ ಹೊಸಬನ ಓದು ಮುಗಿಯುತ್ತಾ ಬಂದಿತ್ತು. ಈಗ ಎಲ್ಲರೂ ಏಳುವ ಹೊತ್ತು. ಗಲ್ಲಿಯ ಬಾಯಲ್ಲಿ ಬಿಸಿಲು ಬಿಟ್ಟರೆ ಬೇರೇನೂ ಇರಲಿಲ್ಲ.

"ಮೇಷ್ಟ್ರೇ," ಅಂದಳು ಬೇಕರಿಯಕ್ಕ. "ಇನ್ನೊಂದು ಹಾಸಲಾ?"

ಅವರು ಒಮ್ಮೆ ಮಸೀದಿಯ ಪಕ್ಕದ ಬಾಗಿಲ ಕಡೆ ನೋಡಿದರು.

"ಹಾಸಮ್ಮ," ಅಂದರು.

ಅವಳು ಒಳಗಿನಿಂದ ಇನ್ನೊಂದು ಚಾಪೆ ತಂದು ಪಕ್ಕದಲ್ಲಿ ಬಿಡಿಸಿದಳು. ಬಹಳ ದಿನ ಸುತ್ತಿಟ್ಟದ್ದು, ತುದಿ ಮತ್ತೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಎರಡು ಇಟ್ಟಿಗೆ ತಂದು ಎರಡು ಮೂಲೆಗೆ ಹೇರಿದಳು. ಆಮೇಲೆ ಒಳಗೆ ಹೋಗಿ ಭಟ್ಟಿಯ ಕಬ್ಬಿಣದ ಬಾಗಿಲನ್ನು ಎಳೆದುಕೊಂಡಳು. ಮೇಷ್ಟ್ರು ತಮ್ಮ ಚಾಪೆಯಲ್ಲಿ, ಇನ್ನೊಬ್ಬ ಬಂದರೆ ಜಾಗ ಇರಲಿ ಅಂತ, ಸ್ವಲ್ಪ ಎಡಕ್ಕೆ ಸರಿದು ನಿಂತರು.